ಕೈ ಕಟ್ಟಿಕೊಂಡು ನಿಲ್ಲಬಲ್ಲ ಮೇಸ್ತ್ರಿ ಬೇಕಾಗಿದ್ದಾರೆ



ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಶಾಲೆಗಳಲ್ಲಿ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತದೆ. ಅವರು ಹುಟ್ಟಿದ ಮುದ್ದೇನಹಳ್ಳಿ ನಮ್ಮದೇ ಊರಲ್ಲವೆ! ಹೂ ಬೆಳೆಯುವ ಸೀಮೆ ಬೇರೆ, ಹಾರಕ್ಕೇನೂ ಬರವಿಲ್ಲ. ಪೇಟ ಸುತ್ತಿ, ಅಪ್ಪನ ಕೋಟು ತೊಟ್ಟ ಒಬ್ಬ ಹುಡುಗ ವೇದಿಕೆಗೆ ಬರುತ್ತಾನೆ. ಮುಖ್ಯ ಅತಿಥಿಗಳು ಶಿಸ್ತಿನ ಮೇಲೆ ಭಾಷಣ ಮಾಡುತ್ತಾರೆ. ಬಿಸ್ಕತ್ತು ಹಂಚಿದರೆ ಎಂಜಿನಿಯರುಗಳ ದಿನ ಮುಗಿಯಿತು. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟ ನಾನೂ ಅಂಥ ಭಾಷಣಗಳನ್ನು ಬೇಕಾದಷ್ಟು ಮಾಡಿದವನೇ.

ಆ ಭಾಷಣಗಳಲ್ಲಿ ಕನ್ನಂಬಾಡಿ ಕಟ್ಟೆ ತಪ್ಪದೆ ಬರುತ್ತದೆ. ಖಡಕ್‌ವಾಸ್ಲಾ ಬರುವುದು ಕಡಿಮೆ. ಪುಣೆಯ ಹತ್ತಿರದ ಆ ಜಲಾಶಯಕ್ಕೆ ವಿಶ್ವೇಶ್ವರಯ್ಯನವರು 1903ರಲ್ಲಿ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ಅದಕ್ಕೆ ಪೇಟೆಂಟೂ ಸಿಕ್ಕಿತು. ನೀರು ಒಂದು ಮಟ್ಟ ದಾಟಿದರೆ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ, ನೀರು ಇಳಿದರೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕರೆಂಟಿಲ್ಲ, ಕಂಪ್ಯೂಟರಿಲ್ಲ, ರಾತ್ರಿ ಹೊತ್ತು ಕಟ್ಟೆಯ ಮೇಲೆ ನಿಂತು ಚಕ್ರ ತಿರುಗಿಸುವ ಆಳೂ ಇಲ್ಲ. ಸುತ್ತಲಿನದನ್ನು ತಾನೇ ಗಮನಿಸಿ ತಾನೇ ಕೆಲಸಕ್ಕಿಳಿಯುವ ಯಂತ್ರಕ್ಕೆ ಈಗಿನವರು ರೋಬೋ ಎನ್ನುತ್ತಾರೆ. ನಾನು ಮಕ್ಕಳಿಗೆ ರೋಬೋ ಪಾಠವನ್ನು ಈ ಬಾಗಿಲಿನಿಂದಲೇ ಶುರು ಮಾಡುತ್ತಿದ್ದೆ. ಅಲ್ಲಿಯವರೆಗೆ ಅವರಿಗೆ ಗೊತ್ತಿದ್ದ ರೋಬೋ ಎಂದರೆ ರಜನೀಕಾಂತ್ ಸಿನಿಮಾದ ಚಿಟ್ಟಿ ಒಂದೇ.

ಆದರೆ ಇವತ್ತು ನಾನು ಹೇಳಹೊರಟಿರುವುದು ರೋಬೋ ವಿಚಾರವಲ್ಲ, ರೋಬೋ ಕಟ್ಟುವ ಮಕ್ಕಳ ಪಕ್ಕದಲ್ಲಿ ನಿಲ್ಲಬೇಕಾದ ದೊಡ್ಡವರ ವಿಚಾರ. ಇಂಥವರಿಗೆ ಪೇಟೆಯ ಶಾಲೆಗಳಲ್ಲಿ ಮೆಂಟರ್ ಎನ್ನುತ್ತಾರೆ. ಸುತ್ತೋಲೆಗಳಲ್ಲಿ ಮಾರ್ಗದರ್ಶಕರು ಎಂದಿರುತ್ತದೆ. ನಮ್ಮ ಮಕ್ಕಳು ಇಟ್ಟ ಹೆಸರು ಮೇಸ್ತ್ರಿ. ನಾನು ಮೇಷ್ಟ್ರು, ಹೊರಗಿನಿಂದ ಬಂದವರು ಮೇಸ್ತ್ರಿ. ಹಾಗೆ ನೋಡಿದರೆ ಮೇಸ್ತ್ರಿ ಪೋರ್ಚುಗೀಸರಿಂದ ಬಂದ ಮಾತು, ಮೇಷ್ಟ್ರು ಇಂಗ್ಲಿಷರಿಂದ ಬಂದದ್ದು, ಎರಡರ ಬೇರೂ ಒಂದೇ. ಒಂದಕ್ಕೆ ಸೀಮೆಸುಣ್ಣ ಅಂಟಿತು, ಇನ್ನೊಂದಕ್ಕೆ ಗ್ರೀಸು.

ಹಿನ್ನೆಲೆ ಸ್ವಲ್ಪ ಹೇಳಬೇಕು. ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ 2016ರಲ್ಲಿ ಶುರುವಾಯಿತು. ಆಯ್ಕೆಯಾದ ಶಾಲೆಗೆ ಪ್ರಯೋಗಾಲಯ ಮಾಡಲು 20 ಲಕ್ಷ ರೂಪಾಯಿ ಅನುದಾನ ಕೊಟ್ಟರು. ಅದರಲ್ಲಿ 10 ಲಕ್ಷ ಸಾಮಾನಿಗೆ, ಉಳಿದ 10 ಲಕ್ಷ ಐದು ವರ್ಷ ನಡೆಸುವುದಕ್ಕೆ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳು ಅಲ್ಲಿ ಬಿಚ್ಚಬಹುದು, ಜೋಡಿಸಬಹುದು, ಕೆಡಿಸಬಹುದು. ದೇಶದಲ್ಲಿ ಇಂಥ 10,000 ಪ್ರಯೋಗಾಲಯಗಳಾದವು. 2025ರ ಬಜೆಟ್ಟಿನಲ್ಲಿ ಸರ್ಕಾರಿ ಶಾಲೆಗಳಿಗೆಂದೇ ಐದು ವರ್ಷದಲ್ಲಿ ಇನ್ನೂ 50,000 ಮಾಡುವುದಾಗಿ ಘೋಷಿಸಿದರು. ಸಾಮಾನು ಕೊಟ್ಟರೆ ಸಾಲದು, ಜೊತೆಗೆ ಕೂರುವ ಜನ ಬೇಕು ಎಂಬುದು ಯೋಜನೆ ಬರೆದವರಿಗೂ ಗೊತ್ತಿತ್ತು. ಅದಕ್ಕಾಗಿಯೇ ವಾರಕ್ಕೆ ಒಂದೆರಡು ಗಂಟೆ ಬಿಟ್ಟಿಯಾಗಿ ದುಡಿಯಬಲ್ಲ ಸ್ವಯಂಸೇವಕರನ್ನು ದೇಶದ ಮಟ್ಟದಲ್ಲಿ ಸೇರಿಸಿಕೊಳ್ಳುವ ಏರ್ಪಾಡೂ ಬಂತು.

ನಾನಿದ್ದ ಒಂದು ಶಾಲೆಯಲ್ಲಿ, ಯಾವುದೆಂದು ಹೇಳುವುದಿಲ್ಲ, ಸಾಮಾನು ಬಂದು ಎಂಟು ತಿಂಗಳು ಬೀರುವಿನಲ್ಲೇ ಇತ್ತು. ಒಂದು ಸೆನ್ಸರ್ ಕಳೆದುಹೋದರೆ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಏನೆಂದು ಬರೆಯುವುದು? ಆ ಭಯಕ್ಕೆ ಬೀಗ. ಆ ಭಯ ನನಗೂ ಇತ್ತು, ಸುಳ್ಳು ಹೇಳಬಾರದು. ಬೀಗ ತೆಗೆಸಿದ್ದು ಒಂಬತ್ತನೇ ತರಗತಿಯ ಹೆಣ್ಣುಮಕ್ಕಳು. ಜಿಲ್ಲಾ ಮಟ್ಟದ ರೋಬೋ ಸ್ಪರ್ಧೆಯೊಂದರ ಸುತ್ತೋಲೆ ನೋಟಿಸ್ ಬೋರ್ಡಿನಲ್ಲಿತ್ತು. ಅದನ್ನು ಓದಿ, ಎಂಟು ಜನ ಹೆಸರು ಬರೆದು ನನ್ನ ಕೈಗೆ ಕೊಟ್ಟರು. ಕೆಳಗೆ ಮಾರ್ಗದರ್ಶಕರು ಎಂಬ ಖಾಲಿ ಗೆರೆ ಇತ್ತು. ನನಗೆ ಓಮನ ನಿಯಮ ಗೊತ್ತು, ಬೋರ್ಡಿನ ಮೇಲೆ ಚಿತ್ರ ಬರೆಯಬಲ್ಲೆ. ಆದರೆ ಬೆಸುಗೆಯ ಕಡ್ಡಿ ಹಿಡಿದು ಹದಿನೈದು ವರ್ಷವಾಗಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆ. ಒಳ್ಳೆಯ ಹುಡುಗ. ಬಂದ, ಲ್ಯಾಪ್‌ಟಾಪ್ ತೆರೆದ, ಗೋಡೆಯ ಮೇಲೆ ಚಿತ್ರ ಬಿಟ್ಟು ಒಂದೂವರೆ ಗಂಟೆ ಮಾತಾಡಿದ. ಮಕ್ಕಳು ಕೈ ಕಟ್ಟಿ ಕೂತು ಕೇಳಿದರು. ಎರಡನೇ ಶನಿವಾರವೂ ಬಂದ. ಮೂರನೇ ಶನಿವಾರ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆ ಎಂದು ಮೆಸೇಜು ಬಂತು. ನಾಲ್ಕನೆಯದಕ್ಕೆ ಅದೂ ಬರಲಿಲ್ಲ. ಅವನನ್ನು ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಐದು ದಿನ ದುಡಿದು, ಆರನೇ ದಿನ ಅರವತ್ತು ಕಿಲೋಮೀಟರು ಬಂದು ಹೋಗು ಎಂದರೆ ಯಾರಾದರೂ ಎಷ್ಟು ದಿನ ಬಂದಾರು?

ನಮ್ಮ ಜಿಲ್ಲೆಯ ಈ ನಾಲ್ಕು ಊರುಗಳ ಪಾಡು ಇದೇ. ಗೌರಿಬಿದನೂರಿನವರು ಹಿಂದೂಪುರದ ಕಡೆಯಿಂದ ಬರುವ ಬೆಳಗಿನ ರೈಲು ಹತ್ತುತ್ತಾರೆ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಒಂದೇ ರೈಲು ದಾರಿಯಲ್ಲಿವೆ, ಬಸ್ಸೂ ಬೇಕಾದಷ್ಟಿವೆ. ಡಿಪ್ಲೊಮಾ, ಐಟಿಐ ಮುಗಿಸಿದ ಹುಡುಗರು ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಿನ ಕಾರ್ಖಾನೆಗಳಿಗೆ ಹೊತ್ತು ಹುಟ್ಟುವ ಮುಂಚೆ ಹೊರಡುತ್ತಾರೆ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಊರಿನ ಕಲಿತ ಕೈಗಳೆಲ್ಲ ಹಗಲು ಹೊತ್ತು ಬೆಂಗಳೂರಿನಲ್ಲಿರುತ್ತವೆ. ಹಾಗೆಂದು ನಾನೂ ನಂಬಿದ್ದೆ. ನನ್ನ ಎಣಿಕೆಯಲ್ಲೇ ತಪ್ಪಿತ್ತು. ಕಲಿತವರು ಎಂದರೆ ಸರ್ಟಿಫಿಕೇಟು ಇದ್ದವರು ಎಂದುಕೊಂಡಿದ್ದೆ.

ತಪ್ಪು ತಿಳಿದದ್ದು ಒಂದು ಸಂಜೆ. ಅವತ್ತಿನದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಕ್ಕಳು ಹೇಗೋ ನಾಲ್ಕು ಚಕ್ರದ ಗಾಡಿಯೊಂದನ್ನು ಕಟ್ಟಿದ್ದರು. ನೆಲದ ಮೇಲೆ ಅಂಟಿಸಿದ ಕಪ್ಪು ಟೇಪನ್ನು ನೋಡಿಕೊಂಡು ಅದು ಓಡಬೇಕು. ಓಡುತ್ತಿತ್ತು, ಆದರೆ ಕುಡಿದವನ ಹಾಗೆ. ಗೆರೆ ಬಿಟ್ಟು ಬಲಕ್ಕೆ ಹೋದರೆ ಒಮ್ಮೆಲೇ ಎಡಕ್ಕೆ ಎಳೆದುಕೊಳ್ಳುವುದು, ಎಡಕ್ಕೆ ಹೆಚ್ಚಾದರೆ ಮತ್ತೆ ಬಲಕ್ಕೆ. ಹಾಗೇ ತೂರಾಡಿ ತೂರಾಡಿ ಮೂರನೇ ತಿರುವಿನಲ್ಲಿ ಗೆರೆಯನ್ನೇ ಕಳೆದುಕೊಳ್ಳುವುದು. ವಾರವಿಡೀ ಇದೇ ಆಯಿತು. ಆ ಹೊತ್ತಿಗೆ ತಂಡದ ಒಬ್ಬ ಹುಡುಗಿಯ ತಾಯಿ ಮಗಳನ್ನು ಕರೆದುಕೊಂಡು ಹೋಗಲು ಬಂದರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ಕೆಲಸ ಅವರದು. ಕೈಬೆರಳುಗಳ ತುದಿ ಬಿಸಿನೀರಿಗೆ ಬೆಳ್ಳಗೆ ಸುಕ್ಕಾಗಿತ್ತು. ಬಾಗಿಲಲ್ಲೇ ನಿಂತು ಎರಡು ಸುತ್ತು ನೋಡಿದರು. ಆಮೇಲೆ ಮಗಳಿಗೆ ಹೇಳಿದರು, ನನಗಲ್ಲ:

"ಇದು ಎಳೆ ಕಡಿದ ಮೇಲೆ ಕೈ ಹಾಕ್ತದಲ್ಲೇ. ತೆಳ್ಳಗಾಗ್ತಾ ಇದೆ ಅನ್ನೋವಾಗ್ಲೇ ಹಾಕ್ಬೇಕು."

ನನಗೆ ಅರ್ಥವಾಗಲಿಲ್ಲ. "ಏನಮ್ಮಾ ಹೇಳಿದ್ರಿ?" ಎಂದೆ. ಅವರು ನಾಚಿಕೊಂಡು, "ಏನಿಲ್ಲ ಸಾರ್, ನಮ್ಮ ಕೆಲಸದ ಮಾತು" ಎಂದು ಮಗಳ ಚೀಲ ಎತ್ತಿಕೊಂಡರು. ಬಿಡಲಿಲ್ಲ ನಾನು. ಮಾರನೆಯ ವಾರ ಆ ಘಟಕದ ಮಾಲೀಕರನ್ನು ಕೇಳಿಕೊಂಡು ಎಂಟೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆ.

ರೇಷ್ಮೆ ಘಟಕದ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಬಾನುಲಿಯಲ್ಲಿ ಹೇಳಿ ತೋರಿಸಲಾರೆ. ಬೆಂದ ಗೂಡು, ಅದರೊಳಗಿನ ಹುಳು, ಹಬೆ. ಬಿಸಿನೀರಿನಲ್ಲಿ ಗೂಡಿನ ಅಂಟು ಬಿಡುತ್ತದೆ. ಎಳೆಯ ತುದಿ ಹುಡುಕಿ, ಏಳೆಂಟೋ ಹತ್ತೋ ಗೂಡುಗಳ ಎಳೆಗಳನ್ನು ಒಟ್ಟು ಮಾಡಿ, ಒಂದು ಸಣ್ಣ ಕಣ್ಣಿನ ಮೂಲಕ ಮೇಲಕ್ಕೆ ಬಿಡುತ್ತಾರೆ. ಮೇಲೆ ರಾಟೆ ತಿರುಗುತ್ತಿರುತ್ತದೆ. ಒಳ್ಳೆಯ ಗೂಡೊಂದರಲ್ಲಿ ಕಿಲೋಮೀಟರಿನಷ್ಟು ಉದ್ದದ ಎಳೆ ಇರುತ್ತದೆ. ಆದರೆ ಹೊರಗಿನ ಎಳೆಯಷ್ಟು ಒಳಗಿನದು ದಪ್ಪವಿರುವುದಿಲ್ಲ. ಗೂಡು ಖಾಲಿಯಾಗುತ್ತ ಬಂದ ಹಾಗೆ ತೆಳುವಾಗುತ್ತದೆ. ನೂಲಿನ ದಪ್ಪ ಒಂದೇ ಸಮ ಇರಬೇಕಾದರೆ ಬೇಸಿನ್ನಿನ ಮುಂದೆ ಕೂತವರು ಯಾವ ಗೂಡು ಸೋಲುತ್ತಿದೆ ಎಂದು ನೋಡುತ್ತಲೇ ಇರಬೇಕು. ಎಳೆ ಕಡಿಯುವ ಮುಂಚೆಯೇ ಹೊಸ ಗೂಡಿನ ಎಳೆಯನ್ನು ಬೆರಳಿನಿಂದ ಚಿಮ್ಮಿ ಸೇರಿಸಬೇಕು. ಆ ತಾಯಿ ಒಂದೇ ಹೊತ್ತಿಗೆ ಹಲವು ಎಳೆಗಳ ಮೇಲೆ ಕಣ್ಣಿಟ್ಟು, ನಮ್ಮ ಜೊತೆ ಮಾತಾಡುತ್ತಲೇ, ಬೆರಳು ಚಿಮ್ಮುತ್ತಿದ್ದರು. ಕಡಿದ ಮೇಲೆ ಸೇರಿಸಿದರೆ? "ನೂಲಲ್ಲಿ ಗಂಟು ಬೀಳ್ತದೆ, ಸಾರ್. ಮಾರ್ಕೆಟ್ಟಲ್ಲಿ ರೇಟು ಹೋಗ್ತದೆ."

ಹತ್ತಿರದಲ್ಲೇ ಇದ್ದ ಇನ್ನೊಂದು ಘಟಕದಲ್ಲಿ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರ ನೋಡಿದೆವು. ಅಲ್ಲಿ ಇದೇ ಕೆಲಸವನ್ನು ಒಂದು ಸಣ್ಣ ಸಾಧನ ಮಾಡುತ್ತದೆ. ಎರಡು ಗಾಜಿನ ಬಿಲ್ಲೆಗಳ ನಡುವಿನ ಸಂದಿಯಲ್ಲಿ ನೂಲು ಹಾದುಹೋಗುತ್ತದೆ. ನೂಲು ತೆಳುವಾದರೆ ಅಲ್ಲಿ ಉಜ್ಜುವುದು ಕಡಿಮೆಯಾಗುತ್ತದೆ, ಸಾಧನ ವಾಲುತ್ತದೆ, ಹೊಸ ಗೂಡು ಬಂದು ಸೇರುತ್ತದೆ. ಅದನ್ನು ಕಂಡದ್ದೇ ತಡ, ಹುಡುಗಿಯೊಬ್ಬಳು, "ಸಾರ್, ಖಡಕ್‌ವಾಸ್ಲಾ!" ಎಂದು ಕೂಗಿದಳು. ನಾನು ಮಾಡಿದ ಪಾಠಕ್ಕೆ ಅಷ್ಟು ಒಳ್ಳೆಯ ಉತ್ತರ ಪತ್ರಿಕೆ ನನ್ನ ಸರ್ವಿಸ್ಸಿನಲ್ಲೇ ಸಿಕ್ಕಿರಲಿಲ್ಲ.

ಶಾಲೆಗೆ ಬಂದು ಗಾಡಿ ಬಿಚ್ಚಿದರು. ಅವರು ಹಾಕಿದ್ದ ಸೆನ್ಸರ್ ಕಪ್ಪು ಅಥವಾ ಬಿಳಿ ಎಂದಷ್ಟೇ ಹೇಳುತ್ತಿತ್ತು. ಎಳೆ ಇದೆ, ಎಳೆ ಕಡಿಯಿತು, ಅಷ್ಟೇ. ಅದೇ ಬೆಳಕನ್ನು ಸೊನ್ನೆಯಿಂದ 1023ರವರೆಗೆ ಅಳೆದು ಓದುವ ದಾರಿ ಆ ಆರ್ಡುಯಿನೋ ಬೋರ್ಡಿನಲ್ಲೇ ಇತ್ತು. ಗೆರೆಯಿಂದ ಸ್ವಲ್ಪ ಸರಿದರೆ ಸ್ವಲ್ಪ ತಿರುಗು, ಹೆಚ್ಚು ಸರಿದರೆ ಹೆಚ್ಚು ತಿರುಗು ಎಂದು ಬರೆದರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದಕ್ಕೆ ದೊಡ್ಡ ಹೆಸರಿದೆ, ಒಂದು ಸೆಮಿಸ್ಟರಿನ ಪಾಠವಿದೆ. ನಮ್ಮ ಮಕ್ಕಳ ಪುಸ್ತಕದಲ್ಲಿ ಅದರ ಹೆಸರು "ಅಮ್ಮನ ಲೆಕ್ಕ". ಗಾಡಿಯ ತೂರಾಟ ನಿಂತಿತು.

ಆಮೇಲೆ ನಾನು ಊರಿನಲ್ಲಿ ಕಣ್ಣು ಬಿಟ್ಟುಕೊಂಡು ನಡೆದಾಡಲು ಶುರು ಮಾಡಿದೆ. ನಮ್ಮ ಸೀಮೆಯ ಕೊಳವೆಬಾವಿಗಳ ಆಳ ನಿಮಗೆ ಗೊತ್ತೇ ಇದೆ, ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಅಷ್ಟು ಆಳದ ಮೋಟಾರನ್ನು ಏಳಿಸುವ ಸ್ಟಾರ್ಟರು, ಪ್ಯಾನೆಲ್ಲು ರಿಪೇರಿ ಮಾಡುವ ಒಬ್ಬರಾದರೂ ಪ್ರತಿ ಹೋಬಳಿಯಲ್ಲಿರುತ್ತಾರೆ. ಹಾಗೊಬ್ಬರನ್ನು ಕರೆದೆ. ನಮ್ಮ ಗಾಡಿಗೆ ಇನ್ನೊಂದು ರೋಗವಿತ್ತು, ಮೋಟಾರು ತಿರುಗಲು ಹೊರಟ ಕೂಡಲೇ ಬೋರ್ಡು ಆರಿ ಮತ್ತೆ ಹತ್ತಿಕೊಳ್ಳುವುದು. ಅವರು ಗಾಡಿಯನ್ನು ಮುಟ್ಟಲೂ ಇಲ್ಲ. "ನಿಮ್ಮ ತೋಟದಲ್ಲಿ ಮೋಟಾರ್ ಹಾಕಿದಾಗ ಮನೆ ಬಲ್ಬು ಏನಾಗ್ತದೆ?" ಎಂದು ಮಕ್ಕಳನ್ನು ಕೇಳಿದರು. ಮಂಕಾಗ್ತದೆ ಅಣ್ಣ, ಎಂದರು ಮಕ್ಕಳು. "ಯಾಕೆ?" ಅರ್ಧ ಗಂಟೆ ಅದೇ ಚರ್ಚೆ. ಮೋಟಾರು ಏಳುವಾಗ ಒಮ್ಮೆಲೇ ಹೆಚ್ಚು ಕರೆಂಟು ಎಳೆಯುತ್ತದೆ ಎಂಬುದನ್ನು ಮಕ್ಕಳ ಬಾಯಿಂದಲೇ ಹೊರಡಿಸಿ, ಮೋಟಾರಿಗೊಂದು ಬೋರ್ಡಿಗೊಂದು ಬೇರೆ ಬೇರೆ ಬ್ಯಾಟರಿ ಕೊಡಿ, ನೆಗೆಟಿವ್ ಮಾತ್ರ ಎರಡಕ್ಕೂ ಕೂಡಿಸಿ ಎಂದು ಹೇಳಿ, ಟೀ ಕುಡಿದು ಹೊರಟರು. ಅವರು ಓದಿದ್ದು ಏಳನೇ ಕ್ಲಾಸು.

ಈಗ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಮಾರನೆಯ ವರ್ಷ ನಮಗೊಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಸಿಕ್ಕ. ಕಾಲೇಜು ಯಾವುದೆಂಬುದು ಬೇಡ. ಬಹಳ ಚುರುಕು, ಪ್ರೀತಿಯೂ ಇತ್ತು. ಸ್ಪರ್ಧೆಗೆ ನಾಲ್ಕು ದಿನ ಇರುವಾಗ ಆ ವರ್ಷದ ಗಾಡಿಗೆ ಜೋಡಿಸಿದ್ದ ಯಂತ್ರದ ಕೈ ಕೆಲಸ ಮಾಡುತ್ತಿರಲಿಲ್ಲ. ಅದನ್ನು ತನ್ನ ರೂಮಿಗೆ ತೆಗೆದುಕೊಂಡು ಹೋದ. ಬೆಳಗಾಗುವಷ್ಟರಲ್ಲಿ ಹೊಸ ಕೈ, ಹೊಸ ಪ್ರೋಗ್ರಾಮು, ಎಲ್ಲ ಸಿದ್ಧ. ನಾನು ಬೆನ್ನು ತಟ್ಟಿದೆ. ಸ್ಪರ್ಧೆಯಲ್ಲಿ ತೀರ್ಪುಗಾರರು ಮಕ್ಕಳನ್ನು ಕೇಳಿದ್ದು ಒಂದೇ ಪ್ರಶ್ನೆ: "ಈ ಗೇರ್ ಇಲ್ಲಿ ಯಾಕಮ್ಮಾ ಹಾಕಿದ್ದೀರಿ?" ಎಂಟೂ ಮುಖಗಳು ಒಟ್ಟಿಗೆ ತಿರುಗಿ ಆ ಹುಡುಗನನ್ನು ನೋಡಿದವು. ಅವನು ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಸೋತದ್ದಕ್ಕಲ್ಲ, ಸೋತದ್ದು ತಮ್ಮ ಗಾಡಿಯಲ್ಲ ಎಂಬುದಕ್ಕೆ.

ಆ ದಿನದಿಂದ ನಮ್ಮ ಪ್ರಯೋಗಾಲಯದಲ್ಲಿ ಒಂದು ಕಟ್ಟಳೆ. ಮೇಸ್ತ್ರಿ ಕೈ ಕಟ್ಟಿಕೊಂಡು ನಿಲ್ಲಬೇಕು. ಸ್ಕ್ರೂಡ್ರೈವರು ಮಕ್ಕಳ ಕೈಯಲ್ಲಿ. ಬಾಯಿಂದ ಪ್ರಶ್ನೆ ಕೇಳಬಹುದು, ತನ್ನ ಊರಿನ ಕಥೆ ಹೇಳಬಹುದು, ಬೆಂಕಿ ಹೊತ್ತಿಕೊಳ್ಳುವುದಾದರೆ ಮಾತ್ರ ಕೈ ಬಿಚ್ಚಬಹುದು. ಕೇಳಲು ಸುಲಭ, ಆದರೆ ಬಲ್ಲವನಿಗೆ ಇದರಷ್ಟು ಕಷ್ಟ ಇನ್ನೊಂದಿಲ್ಲ. ಸರಾಗವಾಗಿ ಐದು ನಿಮಿಷದಲ್ಲಿ ಆಗುವ ಕೆಲಸವನ್ನು ಮಗು ಎರಡು ಗಂಟೆ ಕೆಡಿಸುವುದನ್ನು ನೋಡುತ್ತ ನಿಲ್ಲುವುದೆಂದರೆ ಸಣ್ಣ ಮಾತಲ್ಲ.

ಇದು ನಮ್ಮೊಬ್ಬರ ಪಾಡೂ ಅಲ್ಲ. ವರ್ಲ್ಡ್ ರೋಬೋಟ್ ಒಲಿಂಪಿಯಾಡ್ ಎಂಬ ಸ್ಪರ್ಧೆ 2004ರಿಂದ ನಡೆಯುತ್ತಿದೆ, 2016ರಲ್ಲಿ ನಮ್ಮ ದೇಶದಲ್ಲೇ ಅದರ ಅಂತಿಮ ಸುತ್ತು ಆಯಿತು. ಎರಡು ಮೂರು ಮಕ್ಕಳ ತಂಡ, ಜೊತೆಗೊಬ್ಬ ದೊಡ್ಡವರು. ಕಟ್ಟುವುದೂ ಪ್ರೋಗ್ರಾಮು ಬರೆಯುವುದೂ ಮಕ್ಕಳೇ ಆಗಿರಬೇಕು ಎಂಬುದು ಅದರ ನಿಯಮ. ಅಮೆರಿಕದಲ್ಲಿ ಡೀನ್ ಕೇಮನ್ ಎಂಬ ಸಂಶೋಧಕರು 1989ರಲ್ಲಿ ಫಸ್ಟ್ ಎಂಬ ಸಂಸ್ಥೆ ಶುರು ಮಾಡಿದರು. ಶಾಲಾ ಮಕ್ಕಳ ರೋಬೋ ಪಂದ್ಯಗಳನ್ನು ಹಬ್ಬದ ಹಾಗೆ ನಡೆಸಿದ್ದು ಅವರೇ. ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ವುಡಿ ಫ್ಲವರ್ಸ್, ಕೇಮನ್ ಅವರಿಗೆ ಜೊತೆಯಾದರು. ಫ್ಲವರ್ಸ್ ಅವರ ಹೆಸರಿನಲ್ಲಿ 1996ರಿಂದ ಒಂದು ಪ್ರಶಸ್ತಿ ಇದೆ. ಅದು ರೋಬೋಗಲ್ಲ, ಮೆಂಟರ್‌ಗೆ. ನನಗೆ ಹಿಡಿಸಿದ್ದು ಅದನ್ನು ಕೊಡುವ ರೀತಿ: ಯಾರಿಗೆ ಕೊಡಬೇಕೆಂದು ಹೆಸರಿಸಿ ಪತ್ರ ಬರೆಯುವವರು ಆ ತಂಡದ ಮಕ್ಕಳೇ.

ಮೇಸ್ತ್ರಿಗಳನ್ನು ಎಲ್ಲಿ ಹುಡುಕುವುದು ಎಂದು ಬೇರೆ ಶಾಲೆಗಳ ಮೇಷ್ಟ್ರುಗಳು ಕೇಳುತ್ತಾರೆ. ಗೌರಿಬಿದನೂರಿನವರು ಕೇಳಿದರೆ ನನಗೆ ನಗು ಬರುತ್ತದೆ. ಆ ಊರಿನ ಹೊರಗೆ 1976ರಿಂದ ರೇಡಿಯೋ ದೂರದರ್ಶಕವಿದೆ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಕೂಡಿ ಕಟ್ಟಿದ್ದು. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾವಿರ ಡೈಪೋಲ್ ಆಂಟೆನಾಗಳು, ಒಂದು ತೋಳೇ ಹತ್ತಿರ ಹತ್ತಿರ ಒಂದೂವರೆ ಕಿಲೋಮೀಟರು. ಅದಕ್ಕೂ ಮುಂಚೆ, 1965ರಿಂದ, ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲು ಅಲ್ಲಿದೆ. ಜಗತ್ತಿನ ಯಾವ ಮೂಲೆಯಲ್ಲಿ ನೆಲ ನಡುಗಿದರೂ, ಯಾರಾದರೂ ನೆಲದಡಿ ಅಣುಬಾಂಬು ಸಿಡಿಸಿದರೂ ಕಿವಿಗೊಟ್ಟು ಕೇಳುವ ಜಾಗ. ಸೆನ್ಸರ್ ಎಂದರೆ ಏನೆಂದು ಕೇಳಲು ಆ ತಾಲ್ಲೂಕಿನ ಮಕ್ಕಳು ಬೆಂಗಳೂರಿಗೆ ಹೋಗಬೇಕೆ? ಇಂಥ ಕಡೆ ಕೇಬಲ್ಲು ಎಳೆದು, ಬೆಸುಗೆ ಹಾಕಿ, ಮೀಟರು ನೋಡಿ ನಿವೃತ್ತರಾದವರ ಮನೆಯ ಬಾಗಿಲು ತಟ್ಟಬೇಕು. ವಿಜ್ಞಾನಿಗಳಿಗಿಂತ ಮೊದಲು ಟೆಕ್ನೀಷಿಯನ್ನುಗಳನ್ನು ಕೇಳಿ ಎನ್ನುವುದು ನನ್ನ ಸಲಹೆ. ವಿಜ್ಞಾನಿಗಳು ಉಪನ್ಯಾಸ ಕೊಟ್ಟು ಹೋಗುತ್ತಾರೆ, ಟೆಕ್ನೀಷಿಯನ್ನು ಕೂತು ಸ್ಕ್ರೂ ಹುಡುಕಿಕೊಡುತ್ತಾರೆ.

ಅದೇ ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯನವರು. ಓದಬೇಕೆಂಬ ಹಟಕ್ಕೆ ಬಸ್ಸಿನ ದುಡ್ಡಿಲ್ಲದೆ ಬೆಂಗಳೂರಿಗೆ ನಡೆದೇ ಬಂದ ಹುಡುಗ. ಮುಂದೆ ಅಮೆರಿಕದ ಓಹಾಯೋದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟು ಪಡೆದು ಬಂದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರೂ, ವಾಸ ಮಾತ್ರ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ. 1962ರಲ್ಲಿ ಅವರು ಬೆಂಗಳೂರು ವಿಜ್ಞಾನ ವೇದಿಕೆ ಶುರು ಮಾಡಿದರು. ಊರಿನ ದೊಡ್ಡ ದೊಡ್ಡ ವಿಜ್ಞಾನಿಗಳನ್ನು ವಾರ ವಾರ ಕರೆಸಿ ಹುಡುಗರ ಮುಂದೆ ನಿಲ್ಲಿಸಿದರು. ಅವರು ಎಲ್ಲವನ್ನೂ ತಾವೇ ಹೇಳಿಕೊಡಲು ಹೋಗಲಿಲ್ಲ. ಬಲ್ಲವರನ್ನು ಕರೆತಂದು ಕೂರಿಸಿ, ಪ್ರಶ್ನೆ ಕೇಳುವ ಧೈರ್ಯವನ್ನು ಹುಡುಗರಿಗೆ ಕೊಟ್ಟರು. ಶಾಲೆಯ ಮೇಷ್ಟ್ರು ಮಾಡಬೇಕಾದ್ದೂ ಇಷ್ಟೇ. ನನಗೆ ರೋಬೋ ಬರುವುದಿಲ್ಲ ಎಂದು ಬೀಗ ಹಾಕಿಕೊಂಡು ಕೂರಬೇಕಾಗಿಲ್ಲ.

ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜಿದೆ, ಟ್ರ್ಯಾಕ್ಟರ್ ಗ್ಯಾರೇಜುಗಳಿವೆ, ಹನಿ ನೀರಾವರಿ ಸಾಮಾನಿನ ಅಂಗಡಿಗಳಿವೆ. ಹೊತ್ತಿಗೆ ಸರಿಯಾಗಿ ವಾಲ್ವು ತೆರೆದು ಮುಚ್ಚುವ ಟೈಮರು ಕೂರಿಸುವವರು ರೋಬೋ ಮೇಸ್ತ್ರಿ ಅಲ್ಲದೆ ಇನ್ನೇನು? ಚಿಕ್ಕಬಳ್ಳಾಪುರದಲ್ಲಿ 1986ರಿಂದ ಎಸ್‌ಜೆಸಿ ತಾಂತ್ರಿಕ ಕಾಲೇಜಿದೆ, ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಅಲ್ಲಿನ ಹುಡುಗ ಹುಡುಗಿಯರು ನಮ್ಮ ಮಕ್ಕಳಿಗೆ ಅಣ್ಣ ಅಕ್ಕಂದಿರ ವಯಸ್ಸು, ಬೇಗ ಹೊಂದಿಕೊಳ್ಳುತ್ತಾರೆ. ಸೆಮಿಸ್ಟರ್ ಪರೀಕ್ಷೆ ಬಂದರೆ ಕಾಣೆಯಾಗುತ್ತಾರೆ, ಅದಕ್ಕೆ ಮೊದಲೇ ಸಿದ್ಧವಿರಬೇಕು. ಎಚ್‌ಎಂಟಿ, ಐಟಿಐ ಟೆಲಿಫೋನ್ ಕಾರ್ಖಾನೆ, ಬಿಇಎಂಎಲ್‌ನಲ್ಲಿ ದುಡಿದು ಊರಿಗೆ ಮರಳಿದ ಹಿರಿಯರು ನಾಲ್ಕೂ ತಾಲ್ಲೂಕುಗಳಲ್ಲಿ ಸಿಗುತ್ತಾರೆ. ಬೆಳಗ್ಗೆ ಪೇಪರು ಓದಿ, ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಕೂರುತ್ತಾರೆ. ಲೇತಿನ ಮುಂದೆ ನಿಂತ ಆ ಕೈಗಳಿಗೆ ಕೆಲಸವಿಲ್ಲ.

ಮಾತಿನ ತೊಡಕು ಇದೆಯಲ್ಲ ಎನ್ನುವಿರಿ. ಇದೆ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಿಡ್ಲಘಟ್ಟದ ರೀಲರುಗಳ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಪ್ರೋಗ್ರಾಮು ಇಂಗ್ಲಿಷು. ಬೆಂಗಳೂರಿನ ಹುಡುಗನ ಮುಂದೆ ಬಾಯಿ ಬಿಡದ ನಮ್ಮ ಮಕ್ಕಳು ಪ್ಯಾನೆಲ್ ರಿಪೇರಿ ಅಣ್ಣನ ಜೊತೆ ಮೂರು ಭಾಷೆ ಕಲಸಿ ಜಗಳವಾಡಿದರು. ನನ್ನ ಮಟ್ಟಿಗೆ ತೊಡಕು ಅಲ್ಲೇ ಬಗೆಹರಿಯಿತು.

ಮೇಸ್ತ್ರಿಗಳನ್ನು ಹೇಗೆ ಬೇಕೋ ಹಾಗೆ ಕರೆಯಬಾರದು. "ಬಂದು ನಮ್ಮ ಮಕ್ಕಳಿಗೆ ಮಾರ್ಗದರ್ಶನ ಮಾಡಿ" ಎಂದರೆ ಎಲ್ಲರೂ "ನೋಡೋಣ ಮೇಷ್ಟ್ರೇ" ಎನ್ನುತ್ತಾರೆ. ನಮ್ಮ ಕಡೆ ನೋಡೋಣ ಎಂದರೆ ಇಲ್ಲ ಎಂದರ್ಥ. "ಈ ಶನಿವಾರ ಎರಡು ಗಂಟೆಗೆ ಬಂದು ಈ ಮೋಟಾರು ಯಾಕೆ ಬಿಸಿಯಾಗ್ತದೆ ನೋಡಿ" ಎಂದರೆ ಬರುತ್ತಾರೆ. ಒಮ್ಮೆ ಬಂದವರನ್ನು ಆರು ಶನಿವಾರ ಕೇಳಿ, ವರ್ಷ ಕೇಳಬೇಡಿ. ಬೆಳಗಿನ ಶಾಲೆ ಬಿಟ್ಟ ಮೇಲೆ ಮಕ್ಕಳಿಗೂ ಹೊತ್ತಿರುತ್ತದೆ. ಊಟದ ಹೊತ್ತಾದರೆ ಬಿಸಿಯೂಟದ ಸಾರನ್ನೇ ಬಡಿಸಿ, ಬಸ್ ಚಾರ್ಜು ಕೊಡಿ, ದೇಣಿಗೆ ಮಾತ್ರ ಎತ್ತಬೇಡಿ. ದೇಣಿಗೆ ಕೇಳಿದ ದಿನ ಅವರು ಮೇಸ್ತ್ರಿ ಹೋಗಿ ದಾನಿಗಳಾಗುತ್ತಾರೆ, ಮುಂದಿನ ವಾರ ಫೋಟೋಗೆ ಮಾತ್ರ ಬರುತ್ತಾರೆ. ಎಲ್ಲರಿಗೂ ಯಂತ್ರವೇ ಗೊತ್ತಿರಬೇಕೆಂದಿಲ್ಲ. ನಿವೃತ್ತ ಬ್ಯಾಂಕ್ ನೌಕರರೊಬ್ಬರು ನಮ್ಮ ಮಕ್ಕಳಿಗೆ ದಿನಚರಿ ಪುಸ್ತಕ ಬರೆಯುವುದನ್ನೂ ಖರ್ಚಿನ ಲೆಕ್ಕ ಇಡುವುದನ್ನೂ ಕಲಿಸಿದರು. ತೀರ್ಪುಗಾರರು ಮೆಚ್ಚಿ ಎತ್ತಿ ತೋರಿಸಿದ್ದು ಆ ಪುಸ್ತಕವನ್ನೇ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹೊರಗಿನವರನ್ನು ಶಾಲೆಯೊಳಗೆ ಬಿಡುವಾಗ ನಂಬಿಕೆಯ ಜೊತೆ ಎಚ್ಚರವೂ ಬೇಕು. ಎಸ್‌ಡಿಎಂಸಿ ಸಭೆಯಲ್ಲಿ ಹೆಸರು ಹೇಳಿ ಒಪ್ಪಿಗೆ ಪಡೆಯಿರಿ. ಯಾರೇ ಆಗಲಿ, ಎಷ್ಟೇ ಗೌರವಸ್ಥರಾಗಲಿ, ಮಗುವಿನ ಜೊತೆ ಒಬ್ಬರೇ ಒಂದು ಕೋಣೆಯಲ್ಲಿ ಇರಕೂಡದು. ಬಾಗಿಲು ತೆರೆದಿರಬೇಕು, ಶಾಲೆಯ ಒಬ್ಬ ಶಿಕ್ಷಕರೋ ಶಿಕ್ಷಕಿಯೋ ಅಲ್ಲೇ ಇರಬೇಕು, ಮಕ್ಕಳ ಫೋನಿಗೆ ನೇರವಾಗಿ ಮೆಸೇಜು ಕಳಿಸುವುದು ಬೇಡ. ಒಳ್ಳೆಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡವರಿಗೆ ಟೀ ಕೊಟ್ಟು ಕಳಿಸಿ.

ಮುದ್ದೇನಹಳ್ಳಿಯ ಹುಡುಗನಿಗೂ ದೊಡ್ಡವರೊಬ್ಬರು ಸಿಕ್ಕಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಮನೆಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ ಆ ವಿದ್ಯಾರ್ಥಿಯನ್ನು ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಗುರುತಿಸಿದರು. ಅವರು ಮೆಚ್ಚಿ ನಿಘಂಟು ಕೊಟ್ಟದ್ದನ್ನೂ ಸಾಯುವಾಗ ತಮ್ಮ ಅಂಗಿಯ ಚಿನ್ನದ ಗುಂಡಿಗಳನ್ನು ಈ ಶಿಷ್ಯನಿಗೆ ತಲುಪಿಸಲು ಹೇಳಿದ್ದನ್ನೂ ಹಿರಿಯರು ಹೇಳುತ್ತ ಬಂದಿದ್ದಾರೆ. ಸೆಪ್ಟೆಂಬರ್ 15ರ ಭಾಷಣಗಳಲ್ಲಿ ವಾಟರ್ಸ್ ಹೆಸರು ನಾನು ಕೇಳಿದ್ದು ಅಪರೂಪ.

ನಮ್ಮ ತಂಡದ ಆ ಮೊದಲ ಎಂಟು ಹೆಣ್ಣುಮಕ್ಕಳಲ್ಲಿ ಇಬ್ಬರು ಈಗ ಡಿಪ್ಲೊಮಾ ಓದುತ್ತಿದ್ದಾರೆ. ರಜೆಗೆ ಬಂದಾಗ ಶಾಲೆಗೆ ಬರುತ್ತಾರೆ, ಕೈ ಕಟ್ಟಿಕೊಂಡು ನಿಲ್ಲುತ್ತಾರೆ. ಉಳಿದ ಶನಿವಾರಗಳಿಗೆ ಜನ ಬೇಕು. ಇದನ್ನು ಕೇಳುತ್ತಿರುವವರಲ್ಲಿ ವೈಂಡಿಂಗ್ ಕೆಲಸದವರಿರಬಹುದು, ಹೊಲಿಗೆ ಯಂತ್ರ ರಿಪೇರಿಯವರಿರಬಹುದು, ಬೇಸಿನ್ನಿನ ಮುಂದೆ ಕೂತು ರೇಡಿಯೋ ಹಾಕಿಕೊಂಡ ತಾಯಂದಿರಿರಬಹುದು. ನಿಮ್ಮ ಊರಿನ ಪ್ರೌಢಶಾಲೆ ನಿಮಗೆ ಗೊತ್ತು. ಬರುವ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಆ ಪ್ರಯೋಗಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ.